ಹಾಲಿನ ಲೆಕ್ಕಕ್ಕೆ ಆರ್: ದಿನಾ ಬೇಕಾಗುವ ಪುಟ್ಟ ಕೋಡ್‌ಗಳು

ಡೇಟಾ ಲೆಕ್ಕಕ್ಕೆ ಬಳಸುವ ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಬೇಕು ಅಂದವರಿಗೆ ಎಲ್ಲರೂ ಮೊದಲು ಗ್ರಾಫ್ ತೋರಿಸುತ್ತಾರೆ. ನನ್ನ ಕೆಲಸದಲ್ಲಿ ಗ್ರಾಫ್ ಬರುವುದು ಕೊನೆಗೆ, ಅದೂ ಅಪರೂಪಕ್ಕೆ. ಬಂದ ಫೈಲನ್ನು ನಂಬಬಹುದಾ ಅಂತ ನೋಡುವುದರಲ್ಲೇ ಜಾಸ್ತಿ ಹೊತ್ತು ಹೋಗುತ್ತದೆ. ಅಲ್ಲಿ ಸರಿಯಾದರೆ ಆಮೇಲಿನ ಲೆಕ್ಕ ಎರಡು ಸಾಲಿನ ಕೆಲಸ.

ತಿಪಟೂರು ಕಡೆಯ ಕೆಲವು ಹಾಲು ಉತ್ಪಾದಕರ ಸಂಘಗಳ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ತಿಂಗಳು ಮುಗಿದ ಮೇಲೆ ಒಂದೊಂದು ಸಂಘದಿಂದ ಒಂದೊಂದು ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರೆ ಮಾಡಿದ) ಫೈಲ್ ಬರುತ್ತದೆ. ಕೆಲವು ಹಾಲು ಅಳೆಯುವ ಮಷಿನ್‌ನಿಂದ ನೇರವಾಗಿ, ಇನ್ನು ಕೆಲವು ಸೆಕ್ರೆಟರಿಗಳು ಎಕ್ಸೆಲ್‌ನಲ್ಲಿ ಕೈಯಾರೆ ಹೊಡೆದದ್ದು. ಒಂದು ಸಾಲು ಅಂದರೆ ಒಬ್ಬರು ಒಂದು ಹೊತ್ತಿಗೆ ಹಾಕಿದ ಹಾಲು. ಕಾಲಂಗಳು ಹೀಗಿರುತ್ತವೆ: ದಿನ, ಪಾಳಿ (ಬೆಳಗ್ಗೆ ಅಥವಾ ಸಂಜೆ), ನಂಬರ್, ಲೀಟರ್, ಫ್ಯಾಟ್ (ಕೊಬ್ಬಿನಂಶ), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ). ಇವಲ್ಲದೆ ಕೆಲವೊಮ್ಮೆ ಊರು, ದರ, ಮೊತ್ತ ಕೂಡ. ನಿಮ್ಮದು ಅಂಗಡಿ ಲೆಕ್ಕವೋ ಶಾಲೆಯ ಅಂಕಪಟ್ಟಿಯೋ ಆಗಿರಬಹುದು. ಕಾಲಂ ಹೆಸರು ಬದಲಾಯಿಸಿಕೊಳ್ಳಿ, ಕೋಡ್ ಅದೇ.

ಕೋಡನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಫೋನಿನಲ್ಲಿ ಹೇಳಿಕೊಡುವಾಗ ನನಗೆ ಇದೇ ರೂಢಿ. ನೀವು ಹೊಡೆಯುವಾಗ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ. ಕಾಲಂ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲೇ ಇಟ್ಟುಕೊಂಡರೆ ತಲೆನೋವು ಕಡಿಮೆ. ಆರ್‌ಗೆ ಸಣ್ಣ ಅಕ್ಷರ ದೊಡ್ಡ ಅಕ್ಷರ ಬೇರೆ ಬೇರೆ. ಟ್ರೂ, ಫಾಲ್ಸ್ ಯಾವಾಗಲೂ ಪೂರ್ತಿ ದೊಡ್ಡದು. ಖಾಲಿ ಮನೆಗೆ ಆರ್ ಇಡುವ ಹೆಸರು ಎನ್‌ಎ, ಅದೂ ದೊಡ್ಡದು. ಆದರೆ ಈಸ್.ಎನ್‌ಎ, ಎನ್‌ಎ.ಆರ್‌ಎಂ, ಎನ್‌ಎ.ಸ್ಟ್ರಿಂಗ್ಸ್ ಥರದ ಹೆಸರಿನೊಳಗೆ ಬಂದರೆ ಸಣ್ಣದು. ಉಳಿದದ್ದು ಸಣ್ಣದು ಅಂತಲೇ ತಿಳಿಯಿರಿ, ಬೇರೆ ಇದ್ದಲ್ಲಿ ಅಲ್ಲೇ ಹೇಳುತ್ತೇನೆ.

ಪ್ಯಾಕೇಜ್ (ನೆಟ್‌ನಿಂದ ಇಳಿಸಿಕೊಳ್ಳುವ ಹೆಚ್ಚುವರಿ ಫಂಕ್ಷನ್‌ಗಳ ಕಟ್ಟು) ಯಾವುದೂ ಬೇಡ. ಟೈಡಿವರ್ಸ್ ಅನ್ನುವ ಪ್ಯಾಕೇಜ್ ಗುಂಪು ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಸಂಘದ ಕಂಪ್ಯೂಟರ್‌ನಲ್ಲಿ ನೆಟ್ ಇರುತ್ತದೆ ಅಂತ ನಂಬಿಕೊಂಡು ಕೆಲಸ ಮಾಡೋಕಾಗಲ್ಲ. ಆರ್ ಜೊತೆಗೇ ಬರುವ ಫಂಕ್ಷನ್‌ಗಳು ದಿನದ ಲೆಕ್ಕಕ್ಕೆ ಧಾರಾಳವಾಗಿ ಸಾಕು.

ಓದಿಸುವಾಗಲೇ ಹುಷಾರು

```
ಹಾಲು <- ರೀಡ್.ಸಿಎಸ್‌ವಿ("ಜೂನ್.ಸಿಎಸ್‌ವಿ",
   ಫೈಲ್‌ಎನ್‌ಕೋಡಿಂಗ್ = "ಯುಟಿಎಫ್-8-ಬಿಒಎಂ",
   ಕಾಲ್‌ಕ್ಲಾಸಸ್ = ಸಿ(ನಂಬರ್ = "ಕ್ಯಾರೆಕ್ಟರ್"),
   ಎನ್‌ಎ.ಸ್ಟ್ರಿಂಗ್ಸ್ = ಸಿ("", "-", "ಇಲ್ಲ"))
```

ಫೈಲ್‌ಎನ್‌ಕೋಡಿಂಗ್ ಪದದ ನಡುವಿನ ಇ ದೊಡ್ಡದು, ಕಾಲ್‌ಕ್ಲಾಸಸ್‌ನಲ್ಲಿ ಎರಡನೆಯ ಸಿ ದೊಡ್ಡದು. ಯುಟಿಎಫ್-8-ಬಿಒಎಂ ಪೂರ್ತಿ ದೊಡ್ಡದು.

ಈ ಮೂರು ಸೇರ್ಪಡೆಗೂ ಕಾರಣ ಇದೆ. ಎಕ್ಸೆಲ್‌ನಲ್ಲಿ ಸಿಎಸ್‌ವಿ ಯುಟಿಎಫ್-8 ಅಂತ (ಕನ್ನಡವೂ ಸೇರಿ ಎಲ್ಲ ಲಿಪಿಯನ್ನೂ ಬರೆದಿಡುವ ಯುನಿಕೋಡ್ ವಿಧಾನ ಅದು) ಸೇವ್ ಮಾಡಿದರೆ ಎಕ್ಸೆಲ್ ಫೈಲಿನ ಶುರುವಿನಲ್ಲೇ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತದೆ. ಅದೇ ಬಿಒಎಂ. ಸುಮ್ನೆ ಓದಿಸಿದರೆ ಮೊದಲ ಕಾಲಂನ ಹೆಸರಿನ ಶುರುವಿಗೆ ಏನೇನೋ ಅಕ್ಷರ ಅಂಟಿಕೊಳ್ಳುತ್ತದೆ. ಆಮೇಲೆ 'ದಿನ ಅನ್ನೋ ಕಾಲಂ ಕಣ್ಣೆದುರೇ ಇದೆ, ಆರ್ ಮಾತ್ರ ಇಲ್ಲ ಅಂತಿದೆ' ಅಂತ ಕೂಗಾಡುವುದು.

ಎರಡನೆಯದು ನಂಬರ್. ಸದಸ್ಯರ ನಂಬರ್ 007 ಇದ್ದರೆ ಆರ್ ಅದನ್ನು ಅಂಕಿ ಅಂದುಕೊಂಡು 7 ಮಾಡುತ್ತದೆ. ಸದಸ್ಯರ ಪಟ್ಟಿಯಲ್ಲಿ 007 ಹಾಗೇ ಇದ್ದರೆ ಎರಡೂ ಕೂಡುವುದಿಲ್ಲ. ನಂಬರ್ ಅಂತ ಕರೆದರೂ ಅದು ಹೆಸರೇ. ಕೂಡುವುದು ಕಳೆಯುವುದು ಇಲ್ಲದ ಅಂಕಿಯನ್ನೆಲ್ಲ ಅಕ್ಷರ ಅಂತಲೇ ಓದಿಸಿ. ಬ್ಯಾಂಕ್ ಖಾತೆ ನಂಬರ್, ಪಿನ್‌ಕೋಡ್, ಫೋನ್ ನಂಬರ್ ಎಲ್ಲ ಇದೇ ಜಾತಿ.

ಮೂರನೆಯದು ಖಾಲಿ ಮನೆ. ಒಬ್ಬರು ಗೀಟು ಎಳೆಯುತ್ತಾರೆ, ಒಬ್ಬರು 'ಇಲ್ಲ' ಅಂತ ಬರೆಯುತ್ತಾರೆ. ಅಂಥ ಒಂದೇ ಒಂದು ಗೀಟು ಇದ್ದರೆ ಸಾಕು, ಲೀಟರ್ ಕಾಲಂ ಇಡೀ ಅಕ್ಷರ ಆಗಿಬಿಡುತ್ತದೆ. ಅಂದ ಹಾಗೆ, ಖಾಲಿ ಬೇರೆ, ಸೊನ್ನೆ ಬೇರೆ. ಹಾಲು ಹಾಕಲಿಲ್ಲ ಅನ್ನುವುದು ಸೊನ್ನೆ. ಹಾಕಿದ್ದಾರೆ, ಬರೆದುಕೊಂಡಿಲ್ಲ ಅನ್ನುವುದು ಖಾಲಿ. ಯಾವುದು ಯಾವುದು ಅಂತ ಸೆಕ್ರೆಟರಿಯನ್ನು ಕೇಳದೆ ಖಾಲಿ ಇದ್ದಲ್ಲೆಲ್ಲ ಸೊನ್ನೆ ತುಂಬಬೇಡಿ. ಸರಾಸರಿ ಕೆಳಗೆ ಹೋಗುತ್ತದೆ, ಯಾಕೆ ಹೋಯಿತು ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಫೈಲ್ ಹತ್ತಾರು ಇದ್ದರೆ ಒಂದು ಫೋಲ್ಡರಿಗೆ ಹಾಕಿ ಒಟ್ಟಿಗೆ ಓದಿಸಿ:

```
ಓದು <- ಫಂಕ್ಷನ್(ಎಫ್) {
   ಡಿ <- ರೀಡ್.ಸಿಎಸ್‌ವಿ(ಎಫ್, ಕಾಲ್‌ಕ್ಲಾಸಸ್ = ಸಿ(ನಂಬರ್ = "ಕ್ಯಾರೆಕ್ಟರ್"))
   ಡಿ$ಸಂಘ <- ಬೇಸ್‌ನೇಮ್(ಎಫ್)
   ಡಿ
}
ಫೈಲುಗಳು <- ಲಿಸ್ಟ್.ಫೈಲ್ಸ್("ಜೂನ್", ಫುಲ್.ನೇಮ್ಸ್ = ಟ್ರೂ)
ಹಾಲು <- ಡು.ಕಾಲ್(ಆರ್‌ಬೈಂಡ್, ಎಲ್‌ಅಪ್ಲೈ(ಫೈಲುಗಳು, ಓದು))
```

ಜಾಗ ಉಳಿಸಲು ರೀಡ್.ಸಿಎಸ್‌ವಿ ಸಾಲನ್ನು ಇಲ್ಲಿ ಮೊಟಕು ಮಾಡಿದ್ದೇನೆ, ಮೇಲಿನ ಉಳಿದ ಎರಡನ್ನೂ ಸೇರಿಸಿಕೊಳ್ಳಿ. ಬೇಸ್‌ನೇಮ್ ಸಾಲು ಮಾತ್ರ ಬಿಡಬೇಡಿ. ಯಾವ ಸಾಲು ಯಾವ ಫೈಲಿನಿಂದ ಬಂತು ಅನ್ನುವುದು ಅದರಿಂದಲೇ ಗೊತ್ತಾಗುವುದು. ಒಂದು ಫೈಲಿನಲ್ಲಿ ಕಾಲಂ ಹೆಸರು ಬೇರೆ ಇದ್ದರೆ ಆರ್‌ಬೈಂಡ್ ಅಲ್ಲೇ ನಿಂತು ಬೈಯುತ್ತದೆ. ಬೈಯಲಿ, ಅದು ಒಳ್ಳೆಯದೇ.

ಲೆಕ್ಕಕ್ಕೆ ಮೊದಲು ಒಂದು ನೋಟ

ಎಸ್‌ಟಿಆರ್(ಹಾಲು) ಅಂದರೆ ಯಾವ ಕಾಲಂ ಅಂಕಿ, ಯಾವುದು ಅಕ್ಷರ ಅಂತ ತೋರಿಸುತ್ತದೆ. ಸಮ್ಮರಿ(ಹಾಲು) ಅಂದರೆ ಕನಿಷ್ಠ, ಗರಿಷ್ಠ, ನಡುವಿನದು. ಇವೆರಡು ಎಲ್ಲರಿಗೂ ಗೊತ್ತು. ನಾನು ಜಾಸ್ತಿ ಬಳಸುವುದು ಇದು:

```
ಕಾಲ್‌ಸಮ್ಸ್(ಈಸ್.ಎನ್‌ಎ(ಹಾಲು))
```

ಸಮ್ಸ್‌ನ ಎಸ್ ದೊಡ್ಡದು. ಯಾವ ಕಾಲಂನಲ್ಲಿ ಎಷ್ಟು ಖಾಲಿ ಅಂತ ಒಂದೇ ಸಾಲಿನಲ್ಲಿ ಬರುತ್ತದೆ. ಫ್ಯಾಟ್ ಮತ್ತು ಎಸ್‌ಎನ್‌ಎಫ್ ಎರಡರಲ್ಲೂ ಒಂದೇ ಸಂಖ್ಯೆಯ ಖಾಲಿ ಇದ್ದರೆ ಮಷಿನ್ ಕೆಟ್ಟ ದಿನ ಅಂತ ಅನುಮಾನ ಪಡಬಹುದು. ಒಂದರಲ್ಲಿ ಮಾತ್ರ ಇದ್ದರೆ ಟೈಪ್ ಮಾಡಿದವರ ಕೈ ತಪ್ಪಿರಬೇಕು.

ಲೀಟರ್ ಕಾಲಂ ಅಕ್ಷರ ಆಗಿ ಬಂದಿದೆ ಅಂತಿಟ್ಟುಕೊಳ್ಳಿ. ತುಂಬ ಜನ ಅಲ್ಲೇ ಆಸ್.ನ್ಯೂಮರಿಕ್ ಹಾಕಿಬಿಡುತ್ತಾರೆ. ಎನ್‌ಎ ಆಯಿತು ಅಂತ ಆರ್ ಒಂದು ಎಚ್ಚರಿಕೆ ಕೊಡುತ್ತದೆ. ಅದನ್ನು ಓದುವವರು ಕಡಿಮೆ. ಏನು ಎನ್‌ಎ ಆಗಲಿದೆ ಅಂತ ಮೊದಲೇ ಕೇಳಿ:

```
ಎಕ್ಸ್ <- ಹಾಲು$ಲೀಟರ್
ಯೂನಿಕ್(ಎಕ್ಸ್[ಈಸ್.ಎನ್‌ಎ(ಆಸ್.ನ್ಯೂಮರಿಕ್(ಎಕ್ಸ್)) & !ಈಸ್.ಎನ್‌ಎ(ಎಕ್ಸ್)])
```

ಅಂಕಿ ಅಲ್ಲದೆ, ಖಾಲಿಯೂ ಅಲ್ಲದೆ ಏನೇನು ಕೂತಿದೆ ಅನ್ನುವುದು ಇದರಲ್ಲಿ ಬರುತ್ತದೆ. '8.5 ಲೀ', '6,5', '7..2', 'ರಜೆ', ಹೀಗೆ. ನನ್ನನ್ನು ಕೇಳಿದರೆ ಈ ಪಟ್ಟಿಯಲ್ಲೇ ಅತಿ ಬೆಲೆಬಾಳುವ ಸಾಲು ಇದು. ರೋಗ ಏನು ಅಂತ ಗೊತ್ತಾದರೆ ಮದ್ದು ಸುಲಭ.

ರೂಪಾಯಿ ಕಾಲಂನಲ್ಲಿ ನಮ್ಮ ಪದ್ಧತಿಯ ಅಲ್ಪವಿರಾಮ ಇರುತ್ತದೆ, 1,25,000 ಅಂತ. ಅದಕ್ಕೆ:

```
ಆಸ್.ನ್ಯೂಮರಿಕ್(ಜಿಸಬ್(",", "", ಹಾಲು$ಮೊತ್ತ))
```

ಲೀಟರ್ ಕಾಲಂಗೆ ಇದನ್ನೇ ಓಡಿಸಬೇಡಿ. ಅಲ್ಲಿ '6,5' ಅಂದರೆ ಆರೂವರೆ. ಅಲ್ಪವಿರಾಮ ಕಿತ್ತರೆ ಅರವತ್ತೈದು ಲೀಟರ್ ಆಗುತ್ತದೆ.

ಕನ್ನಡ ಅಂಕಿಯಲ್ಲಿ ಬರೆದು ಕಳಿಸುವವರೂ ಇದ್ದಾರೆ. ಆರ್ ಅದನ್ನು ಅಂಕಿ ಅಂತ ಒಪ್ಪುವುದಿಲ್ಲ. ಚಾರ್‌ಟಿಆರ್ ಅನ್ನುವ ಫಂಕ್ಷನ್ ಒಂದೊಂದು ಅಕ್ಷರಕ್ಕೆ ಒಂದೊಂದು ಅಕ್ಷರ ಬದಲಿಸುತ್ತದೆ, ಸಿ, ಎಚ್, ಎ, ಆರ್, ಟಿ, ಆರ್ ಅಂತ ಹೊಡೆಯಿರಿ:

```
ಚಾರ್‌ಟಿಆರ್("೦೧೨೩೪೫೬೭೮೯", "0123456789", ಎಕ್ಸ್)
```

ವಿಂಡೋಸ್‌ನಲ್ಲಿ ಕನ್ನಡ ಇರುವ ಡೇಟಾ ಮುಟ್ಟುವವರು ಆರ್ 4.2 ಅಥವಾ ಅದಕ್ಕಿಂತ ಹೊಸದನ್ನು ಹಾಕಿಕೊಳ್ಳಿ. 2022ರಲ್ಲಿ ಬಂದ ಆ ಆವೃತ್ತಿಯಿಂದ ಆರ್ ವಿಂಡೋಸ್ 10ರ ಹೊಸ ಬಿಡುಗಡೆಗಳಲ್ಲೂ 11ರಲ್ಲೂ ಯುಟಿಎಫ್-8 ಅನ್ನೇ ಬಳಸುತ್ತದೆ. ಅದಕ್ಕೂ ಹಿಂದೆ ಕನ್ನಡ ಅಕ್ಷರದ ಜಾಗದಲ್ಲಿ ಕೋನದ ಆವರಣದೊಳಗೆ ಯು ಮತ್ತು ಅಂಕಿಗಳು ಬರುತ್ತಿದ್ದವು. ಇನ್ನು ನುಡಿ, ಬರಹ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ನಲ್ಲಿ ಹೊಡೆದ ಫೈಲ್ ಆದರೆ ಆರ್‌ಗೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಗೊಜ್ಜು. ಮೊದಲು ಯುನಿಕೋಡ್‌ಗೆ ಬದಲಾಯಿಸಿ, ಆಮೇಲೆ ಆರ್‌ಗೆ ತನ್ನಿ.

ಒಂದೇ ಊರು, ಎರಡು ಸಾಲು

```
ಸಾರ್ಟ್(ಟೇಬಲ್(ಹಾಲು$ಊರು, ಯೂಸ್‌ಎನ್‌ಎ = "ಇಫ್‌ಎನಿ"))
```

ಯೂಸ್‌ಎನ್‌ಎಯಲ್ಲಿ ಕೊನೆಯ ಎರಡು ಅಕ್ಷರ ದೊಡ್ಡದು. ಅದನ್ನು ಹಾಕದಿದ್ದರೆ ಟೇಬಲ್ ಖಾಲಿ ಮನೆಗಳನ್ನು ಎಣಿಸದೆ ಬಿಡುತ್ತದೆ. ಸಾರ್ಟ್ ಹಾಕಿದರೆ ಕಡಿಮೆ ಸಲ ಬಂದದ್ದು ಮೇಲೆ ಬರುತ್ತದೆ, ತಪ್ಪುಗಳು ಇರುವುದೂ ಅಲ್ಲೇ. ಐನೂರು ಸಲ ಬಂದ ಊರಿನ ಹೆಸರು ಸರಿ ಇರುತ್ತದೆ. ಎರಡು ಸಲ ಬಂದದ್ದನ್ನು ನೋಡಿ.

ಕೆಲವೊಮ್ಮೆ ಹೊಸಹಳ್ಳಿ ಎರಡು ಸಾಲಿನಲ್ಲಿ ಬರುತ್ತದೆ, ಎರಡೂ ಕಣ್ಣಿಗೆ ಒಂದೇ. ಒಂದರ ಕೊನೆಯಲ್ಲಿ ಸ್ಪೇಸ್ ಇದ್ದರೆ ಟ್ರಿಮ್‌ಡಬ್ಲ್ಯುಎಸ್(ಹಾಲು$ಊರು) ಸಾಕು. ಅದಕ್ಕೂ ಹೋಗದಿದ್ದರೆ ಎನ್‌ಚಾರ್ ಕೇಳಿ. ಹಳ್ಳಿ ಅನ್ನುವುದಕ್ಕೆ ಎನ್‌ಚಾರ್ 5 ಅನ್ನಬೇಕು: ಹ, ಳ, ಅರ್ಧಾಕ್ಷರದ ಗುರುತು, ಇನ್ನೊಂದು ಳ, ಗುಡಿಸು. 6 ಅಂದರೆ ಒಳಗೆ ಯಾರೋ ಅಡಗಿದ್ದಾರೆ. ಕನ್ನಡದಲ್ಲಿ ಸಾಮಾನ್ಯವಾಗಿ ಅಡಗುವುದು ಅಕ್ಷರ ಕೂಡದಂತೆ ತಡೆಯುವ ಅಗಲವಿಲ್ಲದ ಗುರುತು. ಕೆಲವು ಕೀಬೋರ್ಡ್‌ಗಳು ಅದನ್ನು ಕೇಳದೆಯೇ ಸೇರಿಸುತ್ತವೆ. ಯುನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ಕಿತ್ತುಹಾಕುವುದು ಹೀಗೆ:

```
ಹಾಲು$ಊರು <- ಜಿಸಬ್("\ಯು200ಸಿ", "", ಹಾಲು$ಊರು)
```

ಹೋಲಿಸುವುದಕ್ಕೆ ಮಾತ್ರ ಹೀಗೆ ಮಾಡಿ. ಅಚ್ಚಿಗೆ ಹೋಗುವ ಹೆಸರಿನಿಂದ ಕಿತ್ತರೆ 'ರಾಜ್‌ಕುಮಾರ್' ನೋಡಲು ಬೇರೆಯೇ ಆಗುತ್ತದೆ.

ದಿನಾಂಕ

ಜಗಳ ಜಾಸ್ತಿ ಆಗುವುದು ಇಲ್ಲಿ.

```
ಹಾಲು$ದಿನ <- ಆಸ್.ಡೇಟ್(ಹಾಲು$ದಿನ, "%ಡಿ-%ಎಂ-%ವೈ")
ರೇಂಜ್(ಹಾಲು$ದಿನ, ಎನ್‌ಎ.ಆರ್‌ಎಂ = ಟ್ರೂ)
```

ಡೇಟ್‌ನ ಡಿ ದೊಡ್ಡದು. ಉದ್ಧರಣೆಯೊಳಗೆ ಡಿ, ಎಂ ಸಣ್ಣದು, ವೈ ದೊಡ್ಡದು. ಈ ವೈ ವಿಷಯದಲ್ಲಿ ಉದಾಸೀನ ಬೇಡ. ದೊಡ್ಡ ವೈ ಅಂದರೆ ನಾಲ್ಕು ಅಂಕಿಯ ವರ್ಷ, ಸಣ್ಣ ವೈ ಅಂದರೆ ಎರಡು ಅಂಕಿ. 05-06-2024ಕ್ಕೆ ಸಣ್ಣ ವೈ ಕೊಟ್ಟರೆ ಆರ್ 20 ಅನ್ನುವುದನ್ನು ಮಾತ್ರ ಓದಿ, ಉಳಿದ 24 ಬಿಟ್ಟು, 2020ರ ಜೂನ್ 5 ಅನ್ನುತ್ತದೆ. ತಪ್ಪು ಅಂತ ಹೇಳುವುದೂ ಇಲ್ಲ. ಅದಕ್ಕೇ ಕೆಳಗೆ ರೇಂಜ್ ಸಾಲು. ಜೂನ್ ಫೈಲಿನಲ್ಲಿ ಮೊದಲ ದಿನ 1, ಕೊನೆಯ ದಿನ 30 ಬರಬೇಕು. ಬೇರೆ ಏನೇ ಬಂದರೂ ಮುಂದೆ ಹೋಗಬೇಡಿ.

12ರ ನಂತರದ ದಿನಗಳೆಲ್ಲ ಎನ್‌ಎ ಆಗಿದ್ದರೆ ಆ ಫೈಲಿನಲ್ಲಿ ತಿಂಗಳು ಮೊದಲು, ದಿನ ಆಮೇಲೆ ಇದೆ ಅಂತ ಅರ್ಥ. ಎಕ್ಸೆಲ್‌ನಿಂದ ಬಂದ ದಿನಾಂಕ ಕೆಲವೊಮ್ಮೆ 45292 ಅಂತ ಬರಿ ಅಂಕಿಯಾಗಿರುತ್ತದೆ. ಗಾಬರಿ ಬೇಡ:

```
ಆಸ್.ಡೇಟ್(45292, ಆರಿಜಿನ್ = "1899-12-30")
```

2024ರ ಜನವರಿ 1 ಸಿಗುತ್ತದೆ.

ಯಾವ ದಿನದ ಲೆಕ್ಕವೇ ಬಂದಿಲ್ಲ ಅಂತ ತಿಳಿಯಬೇಕಾ? ಇರಬೇಕಾದ ದಿನಗಳನ್ನು ಬರೆದುಕೊಂಡು, ಇಲ್ಲದ್ದನ್ನು ಕೇಳಿ:

```
ಎಲ್ಲ <- ಸೀಕ್(ಆಸ್.ಡೇಟ್("2024-06-01"), ಆಸ್.ಡೇಟ್("2024-06-30"), ಬೈ = "ಡೇ")
ಎಲ್ಲ[!(ಎಲ್ಲ %ಇನ್% ಹಾಲು$ದಿನ)]
ಟೇಬಲ್(ಹಾಲು$ದಿನ, ಹಾಲು$ಪಾಳಿ)
```

ಸೀಕ್‌ಗೆ ಎಸ್, ಇ, ಕ್ಯೂ. ಕೊನೆಯ ಸಾಲಿನಲ್ಲಿ ಬೆಳಗ್ಗೆ ಸಂಜೆ ಎರಡೂ ಪಕ್ಕಪಕ್ಕ ಬರುತ್ತವೆ. ಸಂಜೆ ಕಾಲಂನಲ್ಲಿ ಒಂದು ಸೊನ್ನೆ ಇದ್ದರೆ ಅವತ್ತು ಸಂಜೆ ನಿಜಕ್ಕೂ ಹಾಲು ತೆಗೆದುಕೊಂಡಿಲ್ಲವಾ, ಇಲ್ಲಾ ಫೈಲ್ ಅರ್ಧಕ್ಕೆ ನಿಂತಿದೆಯಾ ಅಂತ ಕೇಳಿ ತಿಳಿಯಬೇಕು.

ಎರಡು ಸಲ ಬಿದ್ದದ್ದು, ಮಿತಿ ಮೀರಿದ್ದು

```
ಕೀ <- ಸಿ("ಸಂಘ", "ದಿನ", "ಪಾಳಿ", "ನಂಬರ್")
ಎರಡು <- ಡುಪ್ಲಿಕೇಟೆಡ್(ಹಾಲು[ಕೀ]) |
        ಡುಪ್ಲಿಕೇಟೆಡ್(ಹಾಲು[ಕೀ], ಫ್ರಮ್‌ಲಾಸ್ಟ್ = ಟ್ರೂ)
ಹಾಲು[ಎರಡು, ]
```

ಲಾಸ್ಟ್‌ನ ಎಲ್ ದೊಡ್ಡದು. ಡುಪ್ಲಿಕೇಟೆಡ್ ಒಂದನ್ನೇ ಹಾಕಿದರೆ ಎರಡನೆಯ ಸಾಲು ಮಾತ್ರ ಕಾಣುತ್ತದೆ. ಹಿಂದಿನಿಂದಲೂ ಕೇಳಿದರೆ ಜೋಡಿ ಎರಡೂ ಬರುತ್ತದೆ, ಪಕ್ಕದಲ್ಲಿಟ್ಟು ನೋಡಬಹುದು. ನೋಡದೆ ಯೂನಿಕ್ ಹೊಡೆದು ಅಳಿಸಬೇಡಿ. ಒಂದೇ ಮನೆಯವರು ಒಂದೇ ಬೆಳಗ್ಗೆ ಎರಡು ಕ್ಯಾನ್ ತರುವುದು ಉಂಟು. ಲೀಟರ್, ಫ್ಯಾಟ್ ಎರಡೂ ತಾಳೆಯಾದರೆ ಅನುಮಾನ, ಬೇರೆ ಬೇರೆ ಇದ್ದರೆ ಅದು ನಿಜವಾದ ಹಾಲು. ಅಳಿಸಿದರೆ ಒಬ್ಬರ ದುಡ್ಡು ಹೋಯಿತು ಅಂತಲೇ ಲೆಕ್ಕ.

ದಶಮಾಂಶದ ಚುಕ್ಕಿ ಬಿಟ್ಟುಹೋಗಿ 8.5 ಲೀಟರ್ 85 ಆಗುವುದು ಇನ್ನೊಂದು ಕಾಟ. ಇಡೀ ಸಂಘಕ್ಕೆ ಒಂದೇ ಮಿತಿ ಇಟ್ಟರೆ ಉಪಯೋಗ ಇಲ್ಲ. ಹತ್ತು ಹಸು ಇರುವವರು ಹೊತ್ತಿಗೆ 85 ಹಾಕಿದರೂ ಹಾಕಬಹುದು, ಒಂದು ಹಸು ಇರುವವರು ಹಾಕುವುದಿಲ್ಲ. ಹಾಗಾಗಿ ಒಬ್ಬೊಬ್ಬರನ್ನೂ ಅವರವರ ವಾಡಿಕೆಯ ಜೊತೆಗೇ ಹೋಲಿಸಬೇಕು. ಅದಕ್ಕೆ ಆವ್ ಅಂತ ಒಂದು ಫಂಕ್ಷನ್ ಇದೆ, ಎ, ವಿ, ಇ. ಇದನ್ನು ಬಳಸುವವರು ಕಡಿಮೆ, ಯಾಕೋ ಗೊತ್ತಿಲ್ಲ.

```
ಹಾಲು$ವಾಡಿಕೆ <- ಆವ್(ಹಾಲು$ಲೀಟರ್, ಹಾಲು$ಸಂಘ, ಹಾಲು$ನಂಬರ್,
   ಫನ್ = ಫಂಕ್ಷನ್(ವಿ) ಮೀಡಿಯನ್(ವಿ, ಎನ್‌ಎ.ಆರ್‌ಎಂ = ಟ್ರೂ))
ಹಾಲು[ವಿಚ್(ಹಾಲು$ಲೀಟರ್ > 3 * ಹಾಲು$ವಾಡಿಕೆ), ]
```

ಫನ್ ಅನ್ನುವುದು ಪೂರ್ತಿ ದೊಡ್ಡ ಅಕ್ಷರದಲ್ಲಿ, ಅದರ ಹೆಸರು ಬರೆಯಲೇಬೇಕು. ಬರೆಯದಿದ್ದರೆ ಆವ್ ಅದನ್ನೂ ಗುಂಪು ಅಂದುಕೊಳ್ಳುತ್ತದೆ. ಸಂಘ ಮತ್ತು ನಂಬರ್ ಎರಡನ್ನೂ ಕೊಟ್ಟಿರುವುದು ಸುಮ್ನೆ ಅಲ್ಲ. 12ನೇ ನಂಬರ್ ಎಲ್ಲ ಸಂಘದಲ್ಲೂ ಇರುತ್ತದೆ. ಸರಾಸರಿ ಬಿಟ್ಟು ಮೀಡಿಯನ್ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಡುವೆ ಬರುವ ಅಂಕಿ) ಯಾಕೆ ಅಂದರೆ, ಆ 85 ಬಂದು ಸರಾಸರಿಯನ್ನೇ ಮೇಲಕ್ಕೆ ಎಳೆಯುತ್ತದೆ, ಮೀಡಿಯನ್ ಅಲುಗುವುದಿಲ್ಲ. ವಿಚ್ ಬಿಟ್ಟರೆ ಲೀಟರ್ ಖಾಲಿ ಇರುವ ಕಡೆಯೆಲ್ಲ ಪೂರ್ತಿ ಎನ್‌ಎ ತುಂಬಿದ ಸಾಲುಗಳು ಬಂದು ಗೊಂದಲ ಮಾಡುತ್ತವೆ.

ಸರಾಸರಿ ಫ್ಯಾಟ್ ಅಂದರೆ ಯಾವುದು

ಮೂವರು ಹಾಲು ತಂದಿದ್ದಾರೆ. ಒಬ್ಬರದು 20 ಲೀಟರ್, ಫ್ಯಾಟ್ 3.4. ಇನ್ನೊಬ್ಬರದು 2 ಲೀಟರ್, 5.0. ಮತ್ತೊಬ್ಬರದು 3 ಲೀಟರ್, 4.5. ಮೀನ್, ಅಂದರೆ ಬರಿ ಸರಾಸರಿಯ ಫಂಕ್ಷನ್, ಹಾಕಿದರೆ 4.3 ಬರುತ್ತದೆ. ಆ ಹಾಲೆಲ್ಲ ಒಂದೇ ಕ್ಯಾನಿಗೆ ಸುರಿದು ಅಳೆದರೆ 4.3 ಬರುತ್ತಾ? ಬರಲ್ಲ. 3.66ರ ಆಸುಪಾಸು ಬರುತ್ತದೆ, ಯಾಕಂದರೆ 25 ಲೀಟರ್‌ನಲ್ಲಿ 20 ಲೀಟರ್ ತೆಳು ಹಾಲು. ಮೇಲಿನಿಂದ ಬಂದ ರಿಪೋರ್ಟ್‌ನಲ್ಲಿ ಫ್ಯಾಟ್ ಕಡಿಮೆ, ನಮ್ಮ ಪುಸ್ತಕದಲ್ಲಿ ಜಾಸ್ತಿ ಅಂತ ಗಲಾಟೆ ಎದ್ದರೆ ಮಷಿನ್ ಮೇಲೆ ಅನುಮಾನ ಪಡುವ ಮೊದಲು ಸರಾಸರಿ ಹೇಗೆ ತೆಗೆದಿದ್ದಾರೆ ಅಂತ ನೋಡಿ.

```
ವೆಯ್ಟೆಡ್.ಮೀನ್(ಹಾಲು$ಫ್ಯಾಟ್, ಹಾಲು$ಲೀಟರ್, ಎನ್‌ಎ.ಆರ್‌ಎಂ = ಟ್ರೂ)
```

ಇದರಲ್ಲೊಂದು ಕೊಕ್ಕೆ ಇದೆ. ಎನ್‌ಎ.ಆರ್‌ಎಂ ಫ್ಯಾಟ್ ಖಾಲಿ ಇದ್ದ ಸಾಲನ್ನು ಮಾತ್ರ ಬಿಡುತ್ತದೆ. ಲೀಟರ್ ಖಾಲಿ ಇದ್ದರೆ ಉತ್ತರ ಎನ್‌ಎ ಆಗಿಯೇ ಬರುತ್ತದೆ. ಹಾಗಾಗಿ ಲೀಟರ್ ಖಾಲಿ ಇರುವ ಸಾಲುಗಳನ್ನು ಮೊದಲೇ ಬೇರೆ ಮಾಡಿ.

ಸಂಘಕ್ಕೊಂದರಂತೆ ಬೇಕಾದರೆ ಒಡೆದು ಲೆಕ್ಕ ಹಾಕಿಸುವುದು:

```
ಎಸ್‌ಅಪ್ಲೈ(ಸ್ಪ್ಲಿಟ್(ಹಾಲು, ಹಾಲು$ಸಂಘ),
   ಫಂಕ್ಷನ್(ಡಿ) ವೆಯ್ಟೆಡ್.ಮೀನ್(ಡಿ$ಫ್ಯಾಟ್, ಡಿ$ಲೀಟರ್, ಎನ್‌ಎ.ಆರ್‌ಎಂ = ಟ್ರೂ))
```

ಸ್ಪ್ಲಿಟ್ ಮಾಡಿ ಎಸ್‌ಅಪ್ಲೈ ಮಾಡುವ ಈ ಜೋಡಿ ಕೈಗೆ ಹತ್ತಿದರೆ ಗುಂಪಿನ ಲೆಕ್ಕ ಏನೇ ಬರಲಿ ಮಾಡಬಹುದು. ಬರಿ ಮೊತ್ತ ಸಾಕು ಅಂದರೆ ಟೀಅಪ್ಲೈ ಇನ್ನೂ ಚಿಕ್ಕದು:

```
ಟೀಅಪ್ಲೈ(ಹಾಲು$ಲೀಟರ್, ಲಿಸ್ಟ್(ಹಾಲು$ಸಂಘ, ಹಾಲು$ಪಾಳಿ), ಸಮ್, ಎನ್‌ಎ.ಆರ್‌ಎಂ = ಟ್ರೂ)
```

ಸಂಘಗಳು ಸಾಲಾಗಿ, ಬೆಳಗ್ಗೆ ಸಂಜೆ ಕಾಲಂ ಆಗಿ ಬರುತ್ತದೆ. ಹಾಗೇ ನೋಟಿಸ್ ಬೋರ್ಡಿಗೆ ಹಾಕಬಹುದು.

ಫ್ಯಾಟನ್ನು ದರ್ಜೆಗಳಾಗಿ ಒಡೆಯಬೇಕಾದರೆ ಕಟ್. ಗಡಿಗಳನ್ನು ನಿಮ್ಮ ದರಪಟ್ಟಿಯಿಂದ ತುಂಬಿ:

```
ಟೇಬಲ್(ಕಟ್(ಹಾಲು$ಫ್ಯಾಟ್, ಸಿ(0, 3, 3.5, 4, 4.5, ಇನ್ಫ್), ರೈಟ್ = ಫಾಲ್ಸ್))
```

ಇನ್ಫ್‌ನ ಮೊದಲ ಅಕ್ಷರ ದೊಡ್ಡದು, ಅಂದರೆ ಮಿತಿಯಿಲ್ಲ ಅಂತ. ರೈಟ್ = ಫಾಲ್ಸ್ ಹಾಕದಿದ್ದರೆ ಸರಿಯಾಗಿ 3.5 ಬಂದವರು ಕೆಳಗಿನ ದರ್ಜೆಗೆ ಬೀಳುತ್ತಾರೆ. ನಮ್ಮ ಕಡೆ 3.5 ಮತ್ತು ಮೇಲೆ ಅಂದರೆ 3.5 ಸೇರಿತು ಅಂತಲೇ. ಗಡಿಯ ಮೇಲೆ ನಿಂತವರು ಯಾವಾಗಲೂ ಒಂದಷ್ಟು ಜನ ಇರುತ್ತಾರೆ.

ಬಟವಾಡೆಗೆ ಮೊದಲು

ಹಾಲಿನ ಫೈಲಿಗೆ ಸದಸ್ಯರ ಪಟ್ಟಿ (ನಂಬರ್, ಹೆಸರು, ಖಾತೆ ಇರುವುದು; ಮೇಲಿನ ಹಾಗೇ ಓದಿಸಿ 'ಸದಸ್ಯರು' ಅಂತ ಇಟ್ಟುಕೊಳ್ಳಿ) ಕೂಡಿಸುವ ಮುಂಚೆ, ಕೂಡದವರು ಯಾರು ಅಂತ ಕೇಳಿ. ಇಲ್ಲಿಂದ ಮುಂದೆ ಒಂದೊಂದು ಸಂಘದ್ದನ್ನೇ ತೆಗೆದುಕೊಳ್ಳಿ:

```
ಸೆಟ್‌ಡಿಫ್(ಹಾಲು$ನಂಬರ್, ಸದಸ್ಯರು$ನಂಬರ್)
ಮುಂಚೆ <- ಎನ್‌ರೋ(ಹಾಲು)
ಹಾಲು <- ಮರ್ಜ್(ಹಾಲು, ಸದಸ್ಯರು, ಬೈ = "ನಂಬರ್", ಆಲ್.ಎಕ್ಸ್ = ಟ್ರೂ)
ಸ್ಟಾಪ್‌ಇಫ್‌ನಾಟ್(ಎನ್‌ರೋ(ಹಾಲು) == ಮುಂಚೆ)
```

ಆಲ್.ಎಕ್ಸ್ ಇಲ್ಲದಿದ್ದರೆ ಪಟ್ಟಿಯಲ್ಲಿ ಹೆಸರಿಲ್ಲದವರ ಹಾಲು ಸದ್ದಿಲ್ಲದೆ ಮಾಯ. ಪಟ್ಟಿಯಲ್ಲಿ ಒಂದೇ ನಂಬರ್ ಎರಡು ಕಡೆ ಇದ್ದರೆ ಅವರ ಹಾಲು ಎರಡರಷ್ಟು ಆಗುತ್ತದೆ. ಸ್ಟಾಪ್‌ಇಫ್‌ನಾಟ್ ಸಾಲು ಅದನ್ನು ಹಿಡಿದು ಅಲ್ಲೇ ನಿಲ್ಲಿಸುತ್ತದೆ. ದುಡ್ಡಿನ ಲೆಕ್ಕದಲ್ಲಿ ಅರ್ಧ ದಾರಿಯಲ್ಲಿ ನಿಲ್ಲುವ ಕೋಡ್ ಒಳ್ಳೆಯದು, ತಪ್ಪು ಉತ್ತರ ಕೊಡುವ ಕೋಡ್ ಅಪಾಯ.

ಸರ್ಕಾರದ ಪ್ರೋತ್ಸಾಹಧನವನ್ನು ಬೇರೆ ಕಾಲಂನಲ್ಲಿಡಿ, ಹಾಲಿನ ದರದ ಜೊತೆ ಬೆರೆಸಬೇಡಿ. ಅದು ಬರುವ ದಾರಿ ಬೇರೆ, ಬರುವ ದಿನ ಬೇರೆ.

ಪೈಸೆಯ ವಿಷಯ. ರೌಂಡ್(2.5) ಅಂದರೆ ಆರ್ 2 ಅನ್ನುತ್ತದೆ, 3 ಅಲ್ಲ. ರೌಂಡ್(3.5) ಅಂದರೆ 4. ಸರಿಯಾಗಿ ಅರ್ಧದಲ್ಲಿದ್ದರೆ ಸಮಸಂಖ್ಯೆಯ ಕಡೆ ಹೋಗುವುದು ಅದರ ನಿಯಮ. ನಾವು ಶಾಲೆಯಲ್ಲಿ ಕಲಿತ ಹಾಗೆ ಅರ್ಧ ಇದ್ದರೆ ಮೇಲಕ್ಕೆ ಬೇಕು ಅಂದರೆ ಪೂರ್ತಿ ರೂಪಾಯಿಗೆ ಫ್ಲೋರ್(ಎಕ್ಸ್ + 0.5), ಪೈಸೆಯವರೆಗೆ ಫ್ಲೋರ್(ಎಕ್ಸ್ * 100 + 0.5) / 100 ಬಳಸಿ. ಇನ್ನೊಂದು, ಒಟ್ಟು ಮೊತ್ತ ತೆಗೆಯುವಾಗ ಮೊದಲು ಒಬ್ಬೊಬ್ಬರದ್ದನ್ನೂ ರೌಂಡ್ ಮಾಡಿ, ಆಮೇಲೆ ಕೂಡಿ. ಕೂಡಿ ರೌಂಡ್ ಮಾಡಿದರೆ ಚೀಟಿಗಳ ಮೊತ್ತಕ್ಕೂ ರಿಜಿಸ್ಟರಿಗೂ ಕೆಲವು ಪೈಸೆ ವ್ಯತ್ಯಾಸ ಬರುತ್ತದೆ. ಆಡಿಟ್‌ನವರು ಆ ಪೈಸೆಯನ್ನೇ ಹಿಡಿದು ಕೂರುತ್ತಾರೆ.

```
ಹಾಲು$ಮೊತ್ತ <- ರೌಂಡ್(ಹಾಲು$ಲೀಟರ್ * ಹಾಲು$ದರ, 2)
ಚೀಟಿ <- ಅಗ್ರಿಗೇಟ್(ಮೊತ್ತ ~ ನಂಬರ್ + ಹೆಸರು + ಖಾತೆ, ಡೇಟಾ = ಹಾಲು, ಫನ್ = ಸಮ್)
```

ಅಗ್ರಿಗೇಟ್‌ನ ಈ ರೂಪ ಖಾಲಿ ಇರುವ ಸಾಲನ್ನು ಹೇಳದೆ ಕೈಬಿಡುತ್ತದೆ. ಹೆಸರೋ ಖಾತೆಯೋ ಖಾಲಿ ಇದ್ದವರು ಚೀಟಿಯಲ್ಲೇ ಬರುವುದಿಲ್ಲ. ಸಮ್(ಚೀಟಿ$ಮೊತ್ತ) ಮತ್ತು ಸಮ್(ಹಾಲು$ಮೊತ್ತ, ಎನ್‌ಎ.ಆರ್‌ಎಂ = ಟ್ರೂ) ಎರಡೂ ಒಂದೇನಾ ಅಂತ ನೋಡಿಯೇ ಮುಂದಕ್ಕೆ ಹೋಗಿ.

ಬರೆದಿಡುವುದು:

```
ರೈಟ್.ಸಿಎಸ್‌ವಿ(ಚೀಟಿ, "ಚೀಟಿ.ಸಿಎಸ್‌ವಿ", ರೋ.ನೇಮ್ಸ್ = ಫಾಲ್ಸ್)
```

ಇಲ್ಲಿ ರೈಟ್ ಅಂದರೆ ಬರೆಯುವ ರೈಟ್, ಕಟ್‌ನಲ್ಲಿ ಬಂದದ್ದು ಬಲಗಡೆಯ ರೈಟ್. ಈ ಫೈಲಿಗೆ ಬಿಒಎಂ ಗುರುತು ಇರುವುದಿಲ್ಲ. ಹಾಗಾಗಿ ಎಕ್ಸೆಲ್‌ನಲ್ಲಿ ಎರಡು ಸಲ ಕ್ಲಿಕ್ ಮಾಡಿ ತೆರೆದರೆ ಕನ್ನಡ ಹೆಸರುಗಳು ಕಲಸುಮೇಲೋಗರ ಆಗುತ್ತವೆ. ಎಕ್ಸೆಲ್ ಒಳಗೆ ಹೋಗಿ ಡೇಟಾ ಮೆನುವಿನಿಂದ ಫೈಲ್ ತರಿಸಿ ಯುಟಿಎಫ್-8 ಆರಿಸಿದರೆ ಸರಿಯಾಗಿ ಕಾಣುತ್ತದೆ. ತರಿಸುವಾಗಲೇ ಖಾತೆ ನಂಬರಿನ ಕಾಲಂಗೆ ಟೆಕ್ಸ್ಟ್ ಅಂತ ಆರಿಸಿ. ಎಕ್ಸೆಲ್ ಅಂಕಿಯನ್ನು 15 ಸ್ಥಾನದವರೆಗೆ ಮಾತ್ರ ನೆನಪಿಡುತ್ತದೆ. ಅದಕ್ಕಿಂತ ಉದ್ದದ ಖಾತೆ ನಂಬರಿನ ಕೊನೆಯ ಅಂಕಿಗಳು ಸೊನ್ನೆ ಆಗುತ್ತವೆ. ಹಾಗೆ ತೆರೆದ ಫೈಲನ್ನು ಸೇವ್ ಮಾಡಿ ಬ್ಯಾಂಕಿಗೆ ಕಳಿಸಬೇಡಿ. ಬ್ಯಾಂಕಿಗೆ ಹೋಗಬೇಕಾದ್ದು ಆರ್ ಬರೆದ ಫೈಲೇ.